ಹಾರೋಹಳ್ಳಿಯಿಂದ ಯಾರನ್ನು ಆರಿಸುತ್ತಾರೆ?

(ಒಬ್ಬ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ಯುವಕ, ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಅಭಿಮಾನಿ. ಇನ್ನೊಬ್ಬರು ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ದುಡಿದು, ನಿವೃತ್ತರಾಗಿ ಊರಿಗೆ ಮರಳಿದವರು. ಪಾಳಿ ಮುಗಿದ ಒಂದು ಸಂಜೆ ಹಾರೋಹಳ್ಳಿ ಬಸ್ ನಿಲ್ದಾಣದ ಬಳಿ ನಡೆದ ಮಾತುಕತೆ.)

— ತಾರೀಖು ಕೇಳಿ, ಈಗಲೂ ಹೇಳ್ತೀನಿ. 2017ರ ಜುಲೈ 23, ಭಾನುವಾರ. ನಾವು ನಾಲ್ಕು ವರ್ಷ ಗಂಟಲು ಹರಿದು ಕೂಗಿ ಬೆಳೆಸಿದ ತಂಡವನ್ನ ಅವತ್ತು ಮುಂಬೈಯಲ್ಲಿ ಕೂತು ಹಂಚಿಕೊಂಡುಬಿಟ್ಟರು.

— ತಂಡ ಇನ್ನೂ ಆಡ್ತಾ ಇದೆಯಲ್ಲಪ್ಪ. ಹಂಚಿಕೊಂಡರು ಅಂದರೆ ಏನರ್ಥ?

— ಮೊದಲಿಂದ ಹೇಳಬೇಕು ನಿಮಗೆ. ಜೆಎಸ್‌ಡಬ್ಲ್ಯು ಕಂಪನಿಯವರು ಈ ಕ್ಲಬ್ ಕಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದರು. 2016ರಲ್ಲಿ ಮತ್ತೆ ಗೆದ್ದರು. ಆ ವರ್ಷವೇ ನವೆಂಬರ್‌ನಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದರು. ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ 1-0ರಲ್ಲಿ ಸೋತರು, ಅದು ಬೇರೆ ಮಾತು. ಅದಕ್ಕೆ ಮುಂಚೆ ಭಾರತದ ಯಾವ ಕ್ಲಬ್ಬೂ ಆ ಫೈನಲ್ ಮುಟ್ಟಿರಲಿಲ್ಲ. ಮೂರು ವರ್ಷದ ಕೂಸು ಅಲ್ಲಿಗೆ ಹೋಗಿ ನಿಂತಿತ್ತು.

— ಅದು ಪೇಪರಲ್ಲಿ ಓದಿದ್ದು ನೆನಪಿದೆ.

— ಆಗ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಬೇರೆ, ಐ-ಲೀಗ್ ಬೇರೆ. ಐಎಸ್‌ಎಲ್ ನಡೆಯೋ ತಿಂಗಳುಗಳಲ್ಲಿ ನಮ್ಮ ಹುಡುಗರೇ ಬೇರೆ ಊರಿನ ಅಂಗಿ ತೊಟ್ಟು ಆಡ್ತಿದ್ದರು. 2015ರ ಹರಾಜಿನಲ್ಲಿ ಸುನಿಲ್ ಛೆಟ್ರಿಯನ್ನ ಮುಂಬೈ ಸಿಟಿ 1.2 ಕೋಟಿಗೆ ತಗೊಂಡಿತ್ತು. ಐಎಸ್‌ಎಲ್ ಮುಗೀತಿದ್ದಂಗೇ ಎಲ್ಲರೂ ವಾಪಸ್ ನಮ್ಮ ಕಂಠೀರವ ಕ್ರೀಡಾಂಗಣಕ್ಕೆ. ಹೋದವರು ಬರ್ತಾರೆ ಅನ್ನೋ ಧೈರ್ಯ ಇತ್ತು ನಮಗೆ. 2017ರಲ್ಲಿ ಜಮ್ಶೆಡ್‌ಪುರದ ಜೊತೆ ನಮ್ಮ ಕ್ಲಬ್ಬನ್ನೂ ಐಎಸ್‌ಎಲ್‌ಗೆ ಸೇರಿಸ್ಕೊಂಡರು. ಸೇರಿಸ್ಕೊಂಡು ಒಂದು ನಿಯಮ ಇಟ್ಟರು: ಹಿರಿಯ ಆಟಗಾರರಲ್ಲಿ ಇಬ್ಬರನ್ನ ಮಾತ್ರ ಉಳಿಸ್ಕೊಳ್ಳಬಹುದು, 21ರ ಒಳಗಿನವರಲ್ಲಿ ಮೂವರನ್ನ. ಮಿಕ್ಕವರೆಲ್ಲ ಡ್ರಾಫ್ಟಿಗೆ.

— ಹರಾಜಿಗೂ ಇದಕ್ಕೂ ಏನು ವ್ಯತ್ಯಾಸ?

— ಹರಾಜಲ್ಲಿ ಕೂಗಿ ಬೆಲೆ ಏರಿಸ್ತಾರೆ. ಡ್ರಾಫ್ಟಲ್ಲಿ ಆಟಗಾರನ ಸಂಬಳ ಮೊದಲೇ ಬರೆದಿರ್ತದೆ. ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರ ಹೆಸರು ಹೇಳ್ತಾ ಹೋಗ್ತವೆ. ನಿಮ್ಮ ಸರದಿ ಬರೋ ಹೊತ್ತಿಗೆ ನಿಮಗೆ ಬೇಕಾದವನ ಹೆಸರನ್ನ ಬೇರೆಯವರು ಹೇಳಿಬಿಟ್ಟರೆ ಮುಗೀತು. ದುಡ್ಡಿದ್ದರೂ ಪ್ರಯೋಜನ ಇಲ್ಲ. ಅವತ್ತು ಮೊದಲ ಹೆಸರು ಹೇಳಿದ್ದು ಜಮ್ಶೆಡ್‌ಪುರ, ಕೇರಳದ ಡಿಫೆಂಡರ್ ಅನಸ್ ಎಡತೊಡಿಕ. ಬೆಲೆ 1.10 ಕೋಟಿ. ಅಷ್ಟೇ ಬೆಲೆಗೆ ಯೂಜೆನ್‌ಸನ್ ಲಿಂಗ್ಡೊ ಕೋಲ್ಕತ್ತದ ಎಟಿಕೆಗೆ ಹೋದ. ಲಿಂಗ್ಡೊ ನಮ್ಮವನು! ನಮ್ಮ ಮಿಡ್‌ಫೀಲ್ಡಿನ ಪ್ರಾಣ. ರಿನೋ ಆಂಟೊ ಕೇರಳ ಬ್ಲಾಸ್ಟರ್ಸ್ ಪಾಲಾದ. ಸಿ.ಕೆ. ವಿನೀತ್‌ನನ್ನ ಬ್ಲಾಸ್ಟರ್ಸ್‌ನವರು ಡ್ರಾಫ್ಟಿಗೂ ಮುಂಚೆಯೇ ಉಳಿಸ್ಕೊಂಡಿದ್ದರು. ಅದಕ್ಕೆ ಎರಡು ತಿಂಗಳ ಹಿಂದೆ, ಮೇ 21ಕ್ಕೆ, ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್. ಮೋಹನ್ ಬಾಗಾನ್ ಎದುರು ಎಕ್ಸ್‌ಟ್ರಾ ಟೈಮಲ್ಲಿ ಎರಡು ಗೋಲು ಹೊಡೆದು ಕಪ್ ತಂದುಕೊಟ್ಟವನು ಅದೇ ವಿನೀತ್. ಅವನು ಹಳದಿ ಅಂಗಿ ಹಾಕ್ಕೊಂಡು ನಮ್ಮ ಎದುರು ಆಡೋದನ್ನ ನೋಡಬೇಕು ಅಂದರೆ ಹೆಂಗಾಗ್ತದೆ ಹೇಳಿ.

— ಹೋದವರ ಲೆಕ್ಕ ಬಾಯಿಪಾಠ ಇದೆ ನಿನಗೆ. ಬಂದವರ ಲೆಕ್ಕ ಹೇಳು ನೋಡೋಣ.

— ಛೆಟ್ರಿ, ಉದಾಂತ ಸಿಂಗ್, ಚಿಕ್ಕವನು ನಿಶು ಕುಮಾರ್, ಇವರು ಉಳಿದರು. ಡ್ರಾಫ್ಟಲ್ಲಿ ಬಂದಿದ್ದು ಗೋವಾದ ಲೆನಿ ರಾಡ್ರಿಗಸ್, ಪಂಜಾಬಿನ ಹರ್ಮನ್‌ಜೋತ್ ಖಾಬ್ರಾ, ಬಂಗಾಳದ ಸುಭಾಶಿಶ್ ಬೋಸ್, ಮುಂಬೈನ ರಾಹುಲ್ ಭೇಕೆ. ಇನ್ನೂ ಕೆಲವರು. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಆಮೇಲೆ ಆಗಸ್ಟಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ಬಿಂದ ಬಂದ, ಡ್ರಾಫ್ಟಿನ ಹೊರಗೆ. ಪಟ್ಟಿ ನೋಡಿ ನಮ್ಮ ಗುಂಪಿನವರೆಲ್ಲ ಒಂದೇ ಮಾತು ಹೇಳಿದರು: ಗೋಲು ಹೊಡೆಯೋರನ್ನ ಕಳಕೊಂಡು ತಡೆಯೋರನ್ನ ತಂದಿದ್ದಾರೆ.

— ಈ ಭೇಕೆ ಅನ್ನೋ ಹೆಸರನ್ನ ನಾನು ಬೇರೆಲ್ಲೋ ಕೇಳಿದೀನಿ.

— ಕೇಳಿರ್ತೀರಿ. ಆದರೆ ಅದಕ್ಕೆ ಮುಂಚೆ 2018 ಹೇಳ್ತೀನಿ, ಕೇಳಿ. ಮೊದಲ ಐಎಸ್‌ಎಲ್ ವರ್ಷ. ಲೀಗ್‌ನಲ್ಲಿ 18 ಪಂದ್ಯ, 40 ಪಾಯಿಂಟ್, ಎಲ್ಲರಿಗಿಂತ ಮೇಲೆ. ಛೆಟ್ರಿ, ಮಿಕು ಇಬ್ಬರೂ ಗೋಲಿನ ಮಳೆ ಸುರಿಸಿದರು. ಫೈನಲ್ ನಮ್ಮ ಕಂಠೀರವದಲ್ಲೇ, ಮಾರ್ಚ್ 17. ಚೆನ್ನೈಯಿನ್ ಎದುರು. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಹೆಡ್ ಮಾಡಿ ಗೋಲು ಹಾಕಿದಾಗ ಕಪ್ ನಮ್ಮದೇ ಅಂದ್ಕೊಂಡ್ವಿ. ಆಮೇಲೆ ಚೆನ್ನೈಯಿನ್‌ನ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಕಾರ್ನರಿಂದ ಎರಡು ಹೆಡರ್ ಹೊಡೆದ. ಮೂರನೇದನ್ನ ರಫಾಯೆಲ್ ಆಗಸ್ಟೊ. ಮಿಕು ಕೊನೇಲಿ ಒಂದು ತೀರಿಸಿದ. 3-2. ಆವತ್ತು ರಾತ್ರಿ ಕನಕಪುರ ರಸ್ತೆ ಬಸ್ಸಲ್ಲಿ ನಾನು ಯಾರ ಜೊತೆಗೂ ಮಾತಾಡಲಿಲ್ಲ.

— ಕಾರ್ನರಿಂದ ಬಂದ ಚೆಂಡನ್ನ ತಡೆಯಕ್ಕಾಗಲಿಲ್ಲ ಅನ್ನು.

— ಹೌದು. ಸರಿಯಾಗಿ ಒಂದು ವರ್ಷ ಬಿಟ್ಟು ಅದೇ ಮಾರ್ಚ್ 17, 2019. ಮುಂಬೈಯಲ್ಲಿ ಫೈನಲ್, ಎದುರಿಗೆ ಎಫ್‌ಸಿ ಗೋವಾ. ತೊಂಬತ್ತು ನಿಮಿಷ ಮುಗೀತು, ಗೋಲಿಲ್ಲ. ಎಕ್ಸ್‌ಟ್ರಾ ಟೈಮಲ್ಲಿ ಗೋವಾದ ಅಹ್ಮದ್ ಜಾಹೂ ಕೆಂಪು ಕಾರ್ಡ್ ತಿಂದು ಹೊರಗೆ ಹೋದ. ಆಗಲೂ ಗೋಲಿಲ್ಲ. ಪೆನಾಲ್ಟಿಗೆ ಹೋಗ್ತದೆ ಅಂತ ಎಲ್ಲರೂ ಕಾಯ್ತಿದ್ದಾಗ 117ನೇ ನಿಮಿಷ, ನಮ್ಮ ದಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದ. ಗುಂಪಿನ ಮಧ್ಯೆ ಎದ್ದು ಹೆಡ್ ಮಾಡಿದವನು ರಾಹುಲ್ ಭೇಕೆ. ಚೆಂಡು ಕಂಬಕ್ಕೆ ತಗುಲಿ ಒಳಗೆ ಹೋಯ್ತು. 1-0. ಲೀಗಲ್ಲೂ ಮೊದಲ ಸ್ಥಾನ ಪಡೆದು ಕಪ್ಪನ್ನೂ ಗೆದ್ದ ಮೊದಲ ಐಎಸ್‌ಎಲ್ ತಂಡ ನಮ್ಮದು.

— ತಡೆಯೋನು ಅಂತ ತಂದವನೇ ಗೋಲು ಹೊಡೆದ!

— ಅವನೇ. ಖಾಬ್ರಾ ಕೂಡ ಆವತ್ತಿನ ತಂಡದಲ್ಲಿದ್ದ. ಸುಭಾಶಿಶ್ ಬೋಸ್ ಒಂದೇ ವರ್ಷ ಇದ್ದ, ಆದರೆ ಇಲ್ಲಿ ಆಡಿದ ಆಟದಿಂದಲೇ ಭಾರತ ತಂಡಕ್ಕೆ ಹೋದ.

— ಹಂಗಾದರೆ ಡ್ರಾಫ್ಟ್ ದಿನದ ಸಿಟ್ಟು ಯಾಕೆ ಇನ್ನೂ ಹೋಗಿಲ್ಲ ನಿನಗೆ? ಆರಿಸಿದವರು ಸರಿಯಾಗೇ ಆರಿಸಿದ್ದರಲ್ಲ.

— ಅದನ್ನೇ ಹೇಳಕ್ಕೆ ಹೊರಟಿದ್ದು. ವಿನೀತ್, ಲಿಂಗ್ಡೊ ಹೋದ ನೋವು ಕಪ್ ಬಂದಾಗಲೇ ಆರಿತು. ಆರದೇ ಉಳಿದಿರೋದು ಇನ್ನೊಂದು. ಅವತ್ತು ಹತ್ತು ತಂಡದ ಪಟ್ಟಿ ಮುಂದಿಟ್ಕೊಂಡು ನೋಡ್ತಾ ಹೋದೆ. ಮಣಿಪುರ, ಮಿಜೋರಾಂ, ಗೋವಾ, ಬಂಗಾಳ, ಕೇರಳ, ಪಂಜಾಬ್. ಕರ್ನಾಟಕದ ಹುಡುಗನ ಹೆಸರು ಸಿಗೋದು ಅಪರೂಪ. ಕ್ಲಬ್ಬಿನ ಹೆಸರಲ್ಲಿ ಬೆಂಗಳೂರು ಇದೆ, ನೀಲಿ ಅಂಗಿ ಹಾಕಿ ಕೂಗೋರು ಬೆಂಗಳೂರಿನವರು, ಕನಕಪುರದವರು, ಹಾರೋಹಳ್ಳಿಯವರು. ಒಳಗೆ ಆಡೋರಲ್ಲಿ ನಮ್ಮವರು ಯಾಕಿಲ್ಲ? ಆರಿಸೋ ಮೇಜಿನ ಮುಂದೆ ಕೂತವರು ನಮ್ಮನ್ನ ಯಾಕೆ ಬಿಟ್ಟರು?

— ಬಿಟ್ಟರು ಅಂತ ಯಾಕೆ ಹೇಳ್ತೀಯ? ಇದ್ದವರನ್ನ ಬಿಟ್ಟರೆ ಬಿಟ್ಟರು ಅನ್ನಬೇಕು. ಮೇಜಿನ ಮೇಲೆ ಇರೋ ಪಟ್ಟಿಯಿಂದ ತಾನೇ ಆರಿಸೋದು? ಆ ಪಟ್ಟಿಗೆ ನಮ್ಮ ಹುಡುಗರ ಹೆಸರು ಎಲ್ಲಿಂದ ಬರಬೇಕಿತ್ತು, ಅದನ್ನ ಕೇಳು.

— ನಮ್ಮಲ್ಲಿ ಫುಟ್‌ಬಾಲ್ ಯಾವತ್ತೂ ಇರಲೇ ಇಲ್ಲ ಅಂತೀರಾ?

— ಇರಲಿಲ್ಲ ಅಂತ ನಾನ್ಯಾಕೆ ಹೇಳಲಿ? ಕೂತ್ಕೊ, ಹೇಳ್ತೀನಿ. ರೋವರ್ಸ್ ಕಪ್ ಅಂತ ಇತ್ತು ಬಾಂಬೆಯಲ್ಲಿ. ಬ್ರಿಟಿಷ್ ರೆಜಿಮೆಂಟುಗಳೇ ಗೆಲ್ತಿದ್ದ ಕಪ್ಪು. ಅದನ್ನ ಮೊದಲು ಗೆದ್ದ ಭಾರತೀಯ ತಂಡ ಯಾವುದು ಗೊತ್ತಾ? ಬೆಂಗಳೂರ್ ಮುಸ್ಲಿಮ್ಸ್, 1937ರಲ್ಲಿ. 1938ರಲ್ಲಿ ಮತ್ತೆ ಅವರೇ. ಮೋಹನ್ ಬಾಗಾನ್ ಅಲ್ಲ, ಈಸ್ಟ್ ಬೆಂಗಾಲ್ ಅಲ್ಲ. ನಮ್ಮ ದಂಡು ಪ್ರದೇಶದ ಹುಡುಗರು.

— ಇದು ನಂಗೆ ಗೊತ್ತಿರಲಿಲ್ಲ.

— 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ದೊಡ್ಡ ಪಂದ್ಯ, ಫ್ರಾನ್ಸ್ ಎದುರು. 2-1ರಲ್ಲಿ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಬರಿಗಾಲಲ್ಲಿ ಆಡ್ತಿದ್ದರು. ಅವರನ್ನ ಈಸ್ಟ್ ಬೆಂಗಾಲ್‌ನವರು ಕರ್ಕೊಂಡು ಹೋದರು. ಅಲ್ಲಿ ಐದು ಜನ ಫಾರ್ವರ್ಡ್‌ಗಳಿಗೆ ಪಂಚ ಪಾಂಡವರು ಅಂತ ಹೆಸರು. ಅಹ್ಮದ್ ಖಾನ್, ಧನರಾಜ್, ಅಪ್ಪಾರಾವ್, ವೆಂಕಟೇಶ್, ಸಾಲೆ. 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಖಾನ್ ಇದ್ದರು. 1962ರಲ್ಲಿ ಜಕಾರ್ತದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಬೆಂಗಳೂರಿನಿಂದ ಮೋಹನ್ ಬಾಗಾನ್‌ಗೆ ಹೋದವರೇ. ಅರ್ಥ ಆಯ್ತಾ? ಆಗ ಆರಿಸೋ ಮೇಜು ಕೋಲ್ಕತ್ತದಲ್ಲಿತ್ತು, ಪಟ್ಟಿ ಬೆಂಗಳೂರಲ್ಲಿತ್ತು. ಈಗ ಮೇಜು ಬೆಂಗಳೂರಿಗೆ ಬಂದಿದೆ, ಪಟ್ಟಿ ಐಜ್ವಾಲ್‌ನಲ್ಲಿದೆ.

— ಪಟ್ಟಿ ಅಲ್ಲಿಗೆ ಹೋಗಿದ್ದು ಯಾಕೆ?

— ಕಾರಣ ಒಂದೇ ಅಲ್ಲ. ಟೆಲಿವಿಷನ್ ಬಂತು, ಕ್ರಿಕೆಟ್ ಎಲ್ಲವನ್ನೂ ನುಂಗಿತು. ಮೈದಾನಗಳ ಮೇಲೆ ಕಟ್ಟಡ ಎದ್ದವು. ಆದರೆ ನಾನು ಕಣ್ಣಾರೆ ನೋಡಿದ ಕಾರಣ ಹೇಳ್ತೀನಿ, ಅದನ್ನ ಯಾರೂ ಹೆಚ್ಚು ಮಾತಾಡಲ್ಲ. ಅದು ಕೆಲಸ. ನಾನು ದೂರವಾಣಿ ನಗರದಲ್ಲಿ ಐಟಿಐನಲ್ಲಿದ್ದೆ. ಚೆನ್ನಾಗಿ ಚೆಂಡು ಆಡೋ ಹುಡುಗ ಸಿಕ್ಕರೆ ಅವನನ್ನ ಕರೆದು ಕೆಲಸಕ್ಕೆ ಸೇರಿಸ್ಕೊಳ್ತಿದ್ದರು. ಬೆಳಗ್ಗೆ ಅಭ್ಯಾಸ, ಆಮೇಲೆ ವಿಭಾಗದಲ್ಲಿ ಕೆಲಸ, ತಿಂಗಳ ಕೊನೆಗೆ ಸಂಬಳ. ಆಟ ನಿಂತ ಮೇಲೂ ಕೆಲಸ ಇರ್ತಿತ್ತು. ಮನೇಲಿ ಅಪ್ಪ ಅಮ್ಮ ಮಗನಿಗೆ ಆಡಬೇಡ ಅಂತ ಹೇಳೋ ಪ್ರಮೇಯವೇ ಇರಲಿಲ್ಲ, ಕಾಲಲ್ಲಿ ಆಟ ಇದ್ದರೆ ಅದೇ ನೌಕರಿ. 1977ರಲ್ಲಿ ಫೆಡರೇಷನ್ ಕಪ್ ಮೊದಲ ಸಲ ನಡೀತು, ಎರ್ನಾಕುಲಂನಲ್ಲಿ. ಫೈನಲಲ್ಲಿ ಮೋಹನ್ ಬಾಗಾನ್ ಎದುರು 1-0 ಗೆದ್ದು ಕಪ್ ಎತ್ತಿದವರು ನಮ್ಮ ಐಟಿಐ ಹುಡುಗರು. ಟೆಲಿಫೋನ್ ಜೋಡಿಸೋ ಕೈಗಳು!

— ನೀವು ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?

— ನೀನು ಕೇಳಲಿಲ್ಲ. ಎಚ್‌ಎಎಲ್‌ಗೂ ತಂಡ ಇತ್ತು, 2010ರ ನಂತರವೂ ಐ-ಲೀಗ್ ಆಡ್ತು. ಆಮೇಲೆ ಕಾರ್ಖಾನೆಗಳ ಕಥೆ ನಿನಗೆ ಗೊತ್ತಲ್ಲ. ಐಟಿಐನ ಟೆಲಿಫೋನ್ ಯಾರಿಗೂ ಬೇಡವಾಯ್ತು, ಹೊಸ ನೇಮಕಾತಿ ನಿಂತಿತು. ನೇಮಕಾತಿ ನಿಂತ ದಿನವೇ ಆಟಗಾರರ ನೇಮಕಾತಿಯೂ ನಿಂತಿತು. ಅದು ನಮ್ಮ ಡ್ರಾಫ್ಟ್ ಆಗಿತ್ತಪ್ಪ. ಅದು ಹೋದದ್ದನ್ನ ಯಾವ ಅಭಿಮಾನಿಯೂ ತಾರೀಖು ಹಾಕಿ ನೆನಪಿಟ್ಕೊಂಡಿಲ್ಲ.

— ಕಾರ್ಲ್‌ಟನ್ ಚಾಪ್‌ಮನ್ ಆಸ್ಟಿನ್ ಟೌನಿನವರಲ್ಲವಾ? ಅವರು 90ರ ದಶಕದಲ್ಲೂ ಭಾರತದ ನಾಯಕ ಆಗಿದ್ದರಲ್ಲ.

— ಆಗಿದ್ದರು. ಆದರೆ ಅವರು ಎಲ್ಲಿ ಬೆಳೆದರು? ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ. ಆಸ್ಟಿನ್ ಟೌನಿನ ಹುಡುಗ ದೊಡ್ಡವನಾಗಕ್ಕೆ ಇನ್ನೊಂದು ಕಾರ್ಖಾನೆ ಊರಿಗೇ ಹೋಗಬೇಕಾಯ್ತು. ಅದೇ ಟಾಟಾದವರ ತಂಡ ತಾನೇ ನೀನು ಹೇಳಿದ ಡ್ರಾಫ್ಟಲ್ಲಿ ಮೊದಲ ಹೆಸರು ಹೇಳಿದ್ದು? ಅವರಿಗೆ ಆ ಮೇಜಿನ ಮುಂದೆ ಕೂರೋ ಯೋಗ್ಯತೆ ಒಂದು ದಿನದಲ್ಲಿ ಬಂದದ್ದಲ್ಲ.

— ಆದರೆ ನಮ್ಮವರು ಮುಗಿದೇ ಹೋಗಿದ್ದಾರೆ ಅಂತ ಹೇಳಬೇಡಿ. 2023ರ ಮಾರ್ಚ್ 4, ಸೌದಿಯ ರಿಯಾದ್‌ನಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಫೈನಲ್. ಮೇಘಾಲಯವನ್ನ 3-2ರಲ್ಲಿ ಸೋಲಿಸಿ ಕರ್ನಾಟಕ ಗೆದ್ದಿತು. 54 ವರ್ಷ ಆದ ಮೇಲೆ.

— ಗೊತ್ತು. 1968-69ರಲ್ಲಿ ಗೆದ್ದಾಗ ನಾವಿನ್ನೂ ಮೈಸೂರು ರಾಜ್ಯ. ನಾಲ್ಕು ಸಲ ಮೈಸೂರು ಹೆಸರಲ್ಲಿ ಗೆದ್ದಿದ್ದು, ಕರ್ನಾಟಕದ ಹೆಸರಲ್ಲಿ ಅದೇ ಮೊದಲು. ಆ ಫೈನಲಲ್ಲಿ ಗೋಲು ಹೊಡೆದವರು ಯಾರು?

— ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್.

— ಓರಾಮ್, ಯಾದವ್. ಈ ಹೆಸರು ಕೇಳಿ ನಿನಗೆ ಇವರು ನಮ್ಮವರಲ್ಲ ಅನ್ನಿಸ್ತಾ?

— ಇಲ್ಲ. ಎದೆ ಮೇಲೆ ಕರ್ನಾಟಕ ಅಂತ ಬರೆದಿತ್ತು. ಬೆಂಗಳೂರಿನ ಲೀಗಲ್ಲಿ ಆಡಿ ತಯಾರಾದ ತಂಡ ಅದು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಲ್ಲಿ ಸೂಪರ್ ಡಿವಿಷನ್ ನಡೀತದಲ್ಲ, ಅಲ್ಲಿಂದ.

— ಹಂಗಾದರೆ ‘ನಮ್ಮವರು’ ಅನ್ನೋದನ್ನ ನಾವು ಸ್ವಲ್ಪ ಸರಿಯಾಗಿ ಹೇಳಬೇಕು. ನಮ್ಮ ಮಣ್ಣಲ್ಲಿ ಆಡಿ ಬೆಳೆದವನು ನಮ್ಮವನು. ನೀನು ದುಡಿಯೋ ಕಾರ್ಖಾನೆಯಲ್ಲೇ ನೋಡು. ಜಾರ್ಖಂಡ್, ಒಡಿಶಾ, ಅಸ್ಸಾಂನಿಂದ ಬಂದ ಎಷ್ಟು ಹುಡುಗರು ಈ ಹಾರೋಹಳ್ಳಿಯಲ್ಲಿ ರೂಮು ಮಾಡ್ಕೊಂಡಿದ್ದಾರೆ? ಭಾನುವಾರ ಅವರು ಏನು ಆಡ್ತಾರೆ?

— ಫುಟ್‌ಬಾಲೇ. ಖಾಲಿ ಸೈಟಲ್ಲಿ ಇಟ್ಟಿಗೆ ಇಟ್ಕೊಂಡು. ನಮ್ಮೂರ ಹುಡುಗರು ಪಕ್ಕದಲ್ಲಿ ಟೆನಿಸ್ ಬಾಲಿನ ಕ್ರಿಕೆಟ್ ಆಡ್ತಾರೆ, ಇಲ್ಲಾ ಕಬಡ್ಡಿ, ವಾಲಿಬಾಲ್. ಚೆಂಡು ಆಕಡೆ ಈಕಡೆ ಹೋದಾಗ ಮಾತ್ರ ಒಬ್ಬರನ್ನೊಬ್ಬರು ನೋಡ್ತಾರೆ. ಆ ಹುಡುಗರಲ್ಲಿ ಒಬ್ಬ ಎಡಗಾಲಲ್ಲಿ ಒದೆಯೋದನ್ನ ನೀವು ನೋಡಬೇಕು. ಫ್ಯಾಕ್ಟರಿ ಶೂ ಹಾಕ್ಕೊಂಡೇ.

— ಅವನ ಹೆಸರು ಯಾವ ಪಟ್ಟಿಗೆ ಹೋಗ್ತದೆ?

— ಯಾವುದಕ್ಕೂ ಇಲ್ಲ. ಗುತ್ತಿಗೆ ಪಟ್ಟಿಗೆ.

— ಇದೇ ನಾನು ಹೇಳೋದು. ನಮ್ಮ ಊರು ಬದಲಾಗಿದೆ. ರಾಗಿ ಹೊಲ, ರೇಷ್ಮೆ ಗೂಡು ಇದ್ದ ಕಡೆ ಕೈಗಾರಿಕಾ ಪ್ರದೇಶ ಬಂತು, ಹಂತದ ಮೇಲೆ ಹಂತ ಬೆಳೀತು. ಹಾರೋಹಳ್ಳಿ ತಾಲ್ಲೂಕು ಕೇಂದ್ರವೂ ಆಯ್ತು. ಐವತ್ತು ವರ್ಷದ ಹಿಂದೆ ಬೆಂಗಳೂರಿಗೆ ಕಾರ್ಖಾನೆಗಳು ಕೊಟ್ಟಿದ್ದನ್ನ ಈಗ ಹಾರೋಹಳ್ಳಿಗೆ, ಬಿಡದಿಗೆ ಇಲ್ಲಿನ ಕಾರ್ಖಾನೆಗಳು ಕೊಡಬಹುದು. ಆದರೆ ಆವತ್ತಿನ ಕಾರ್ಖಾನೆಗೆ ಮೈದಾನ ಇತ್ತು, ತಂಡ ಇತ್ತು. ಇವತ್ತಿನವಕ್ಕೆ ಕಾಂಪೌಂಡ್ ಇದೆ.

— ಖಾಸಗಿ ಕಂಪನಿಯವರು ಆಟಕ್ಕೆ ಯಾಕೆ ದುಡ್ಡು ಹಾಕ್ತಾರೆ? ಅವರಿಗೆ ಉತ್ಪಾದನೆ ಮುಖ್ಯ.

— ಕಾನೂನೇ ಇದೆಯಲ್ಲ. 2013ರ ಕಂಪನಿ ಕಾಯ್ದೆ, 135ನೇ ಸೆಕ್ಷನ್. ವರ್ಷಕ್ಕೆ ಐದು ಕೋಟಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭ ಇರೋ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಭಾಗ ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಖರ್ಚು ಮಾಡಬಹುದು ಅನ್ನೋ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಅಂತ ಸ್ಪಷ್ಟವಾಗಿ ಬರೆದಿದೆ. ಫುಟ್‌ಬಾಲ್ ಒಲಿಂಪಿಕ್ ಕ್ರೀಡೆ. ಆ ದುಡ್ಡಲ್ಲಿ ಶಾಲೆಗೆ ಬಣ್ಣ ಹೊಡೆಸ್ತಾರೆ, ನೀರಿನ ಘಟಕ ಹಾಕಿಸ್ತಾರೆ, ಬೇಡ ಅನ್ನಲ್ಲ. ಜೊತೆಗೆ ಒಂದು ಮೈದಾನ ಮಾಡಿಸಿದರೆ ಕಂಪನಿಯ ಕೈಯಿಂದ ಹೊಸದಾಗಿ ಏನೂ ಹೋಗಲ್ಲ.

— ನಮ್ಮ ಜೆಎಸ್‌ಡಬ್ಲ್ಯು ಉದಾಹರಣೆ ಇಲ್ಲೇ ಇದೆ. ಬಳ್ಳಾರಿ ಕಡೆ ವಿದ್ಯಾನಗರದಲ್ಲಿ ಅವರ ಕ್ರೀಡಾ ಸಂಸ್ಥೆ ಇದೆ, ಬೆಂಗಳೂರು ಎಫ್‌ಸಿ ಅಕಾಡೆಮಿ ಹುಡುಗರು ಅಲ್ಲೇ ಉಳ್ಕೊಂಡು ಕಲ್ತರು. ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ.

— ನೋಡು, ನಿನ್ನ ತಂಡದವರಿಗೇ ಇದು ಗೊತ್ತಿದೆ. ಕಾರ್ಖಾನೆ ಇರೋ ಕಡೆ ಆಟ ಬೆಳೆಸಬಹುದು ಅಂತ ಅವರೇ ತೋರಿಸಿದ್ದಾರೆ. ಡ್ರಾಫ್ಟ್ ಈಗ ಇಲ್ಲವಂತಲ್ಲ?

— ಇಲ್ಲ, 2017ರದ್ದೇ ಕೊನೇದು. ಈಗ ಕ್ಲಬ್‌ಗಳು ನೇರವಾಗಿ ಒಪ್ಪಂದ ಮಾಡ್ಕೊಳ್ತವೆ.

— ಒಳ್ಳೇದೇ ಆಯ್ತು. ಸರದಿ ಇಲ್ಲ, ಮೇಜಿಲ್ಲ. ಒಬ್ಬ ಹುಡುಗ ಚೆನ್ನಾಗಿ ಆಡಿದರೆ ಯಾವ ಕ್ಲಬ್ ಬೇಕಾದರೂ ಬಂದು ಕರ್ಕೊಂಡು ಹೋಗಬಹುದು. ಬಂದು ನೋಡೋದಕ್ಕೆ ಒಂದು ಪಂದ್ಯ ನಡೀಬೇಕು ಅಷ್ಟೆ. ಇಲ್ಲಿ ಎಷ್ಟು ಕಾರ್ಖಾನೆ ಇದ್ದಾವೆ?

— ನೂರಾರು.

— ಎಂಟು ತಂಡ ಸಾಕು. ಎಂಟು ಕಾರ್ಖಾನೆ, ತಂಡಕ್ಕೆ ಹದಿನೆಂಟು ಜನ, ಅದರಲ್ಲಿ ಕಡ್ಡಾಯವಾಗಿ ಐವರು ಹಾರೋಹಳ್ಳಿ, ಕನಕಪುರ ತಾಲ್ಲೂಕಿನ ಶಾಲಾ ಕಾಲೇಜಿನ ಹುಡುಗರು. ಭಾನುವಾರಕ್ಕೆ ಎರಡು ಪಂದ್ಯ. ಹೆಣ್ಣುಮಕ್ಕಳಿಗೂ ಒಂದು ಲೀಗ್, ಗಾರ್ಮೆಂಟ್ಸ್‌ನಲ್ಲಿ ದುಡಿಯೋ ಹುಡುಗಿಯರಿಗೆ ಕಾಲಿಲ್ವಾ? ಚೆನ್ನಾಗಿ ಆಡೋನಿಗೆ ಗುತ್ತಿಗೆ ಬಿಟ್ಟು ಕಾಯಂ ಕೆಲಸ. ಇಷ್ಟು ಮಾಡಲಿ. ಆಗ ನೋಡು ಪಟ್ಟಿ ಎಲ್ಲಿಂದ ಬರ್ತದೆ ಅಂತ.

— ಜಾಗ?

— ಕೈಗಾರಿಕಾ ಬಡಾವಣೆ ಮಾಡುವಾಗ ನಾಗರಿಕ ಸೌಲಭ್ಯಕ್ಕೆ ಅಂತ ನಿವೇಶನ ಬಿಟ್ಟಿರ್ತಾರೆ. ಅದರಲ್ಲಿ ಒಂದನ್ನ ಕೇಳಬೇಕು. ಪಂಚಾಯಿತಿಯಲ್ಲಿ ಕೇಳಬೇಕು, ಶಾಸಕರನ್ನ ಕೇಳಬೇಕು, ಕಾರ್ಖಾನೆ ಮಾಲೀಕರ ಸಂಘವನ್ನ ಕೇಳಬೇಕು. ಒಂದು ಸಲ ಕೇಳಿ ಸುಮ್ಮನಾಗಬಾರದು.

— ನಾನು ಕೇಳ್ತೀನಿ. ಕಾರ್ಖಾನೆಯಲ್ಲಿ ಮನವಿ ಬರೆದು ಸಹಿ ಹಾಕಿಸ್ತೀನಿ. ಆ ಎಡಗಾಲಿನ ಹುಡುಗನದ್ದೇ ಮೊದಲ ಸಹಿ. ನೀವೂ ಬನ್ನಿ, ಐಟಿಐ ಕಥೆ ಅವರಿಗೆ ಹೇಳಿ.

— ಬರ್ತೀನಿ. ಹಾರೋಹಳ್ಳಿಯಲ್ಲಿ ಕಾರ್ಖಾನೆ ನಡೆಸೋ ಎಲ್ಲರನ್ನೂ ಕೈಮುಗಿದು ಕೇಳ್ಕೊಳ್ತೀನಿ: ಈ ವರ್ಷದ ನಿಮ್ಮ ಎರಡು ಭಾಗದಲ್ಲಿ ಒಂದು ಪಾಲನ್ನ ಈ ಊರಿನ ಮೈದಾನಕ್ಕೆ ಇಡಿ. ಹುಡುಗರು ಸಿದ್ಧ ಇದ್ದಾರೆ.